ಜೂನ್‌ನಲ್ಲಿ ತೆಂಕು, ಡಿಸೆಂಬರ್‌ನಲ್ಲಿ ಬಡಗು: ನಮ್ಮ ಕಡಲ ನೀರನ್ನು ಕಾಯುವುದು ಯಾರು?

ಮೇ ಕೊನೆಯಲ್ಲಿ ಕಡಲ ಕರೆಗೆ ಹೋದವರಿಗೆ ಇದು ಗೊತ್ತಿರುತ್ತದೆ. ಬರಿಗಾಲಲ್ಲಿ ಮರಳ ಮೇಲೆ ನಡೆಯುತ್ತಾ ಇರುತ್ತೀರಿ, ಪಾದಕ್ಕೆ ಏನೋ ಮೆತ್ತಿಕೊಳ್ಳುತ್ತದೆ. ಕಪ್ಪು, ಅಂಟು, ಡಾಂಬರಿನ ವಾಸನೆ. ನೀರಿಗೆ ಹೋಗುವುದಿಲ್ಲ, ಸೋಪಿಗೂ ಜಗ್ಗುವುದಿಲ್ಲ. ಚಿಕ್ಕವನಿದ್ದಾಗ ಕಾಪು ಕಡಲಿನಿಂದ ಹೀಗೆ ಕಾಲು ಮಾಡಿಕೊಂಡು ಬಂದರೆ ಅಮ್ಮ ಜಗಲಿ ಹತ್ತಲು ಬಿಡುತ್ತಿರಲಿಲ್ಲ. ಅಂಗಳದಲ್ಲೇ ಕೂರಿಸಿ, ತೆಂಗಿನೆಣ್ಣೆ ಹಚ್ಚಿ, ಹಳೇ ಬೈರಾಸಿನಿಂದ ತಿಕ್ಕುತ್ತಿದ್ದರು. "ಯಾವ ಹಡಗಿನವ ಚೆಲ್ಲಿದ್ದೋ, ತಿಕ್ಕುವ ಕರ್ಮ ನನಗೆ" ಅಂತ ಗೊಣಗಾಟ ಬೇರೆ.

ಅದು ಟಾರ್ ಬಾಲ್. ಕಡಲಿಗೆ ಬಿದ್ದ ಎಣ್ಣೆಯಲ್ಲಿ ಹಗುರವಾದ ಭಾಗ ಬಿಸಿಲಿಗೆ ಆವಿಯಾಗಿ ಹೋಗುತ್ತದೆ. ಉಳಿದ ಜಿಡ್ಡು ತೇಲುತ್ತಾ, ನೀರು ಮರಳು ಕುಡಿಯುತ್ತಾ ಉಂಡೆ ಕಟ್ಟುತ್ತದೆ. ಮಳೆಗಾಲದ ಗಾಳಿ ಶುರುವಾಯಿತು ಎಂದರೆ ದಡಕ್ಕೆ ಬಂದು ಬೀಳುತ್ತದೆ. ಎಣ್ಣೆಗೂ ಬೆರಳಚ್ಚು ಇದೆ. ಒಂದೊಂದು ಬಾವಿಯ ಎಣ್ಣೆಯಲ್ಲಿ ಕೆಲವು ರಾಸಾಯನಿಕಗಳು ಒಂದೊಂದು ಪ್ರಮಾಣದಲ್ಲಿ ಇರುತ್ತವೆ, ವರ್ಷಗಟ್ಟಲೆ ನೀರಲ್ಲಿದ್ದರೂ ಅಷ್ಟು ಸುಲಭಕ್ಕೆ ಅಳಿಯುವುದಿಲ್ಲ. ಗೋವಾ ಕಡಲ ಉಂಡೆಗಳನ್ನು ಹೀಗೆ ಪರೀಕ್ಷೆ ಮಾಡಿದವರು ಎರಡು ಕಡೆಗೆ ಬೆರಳು ತೋರಿಸಿದ್ದಾರೆ. ಒಂದು, ಮುಂಬಯಿ ಆಚೆಯ ಬಾಂಬೆ ಹೈ ಎಣ್ಣೆ ಬಾವಿಗಳು. ಇನ್ನೊಂದು, ದಾರಿಯಲ್ಲಿ ಹೋಗುವ ಟ್ಯಾಂಕರ್‌ಗಳು ತೊಟ್ಟಿ ತೊಳೆದು ಚೆಲ್ಲುವ ನೀರು.

ಅಂದರೆ ಕಾಪುವಿನಲ್ಲಿ ಕಾಲಿಗೆ ಅಂಟಿದ್ದು ಕಾಪುವಿನದ್ದೇ ಆಗಿರಬೇಕಿಲ್ಲ. ಕರ್ನಾಟಕದ್ದೂ ಆಗಿರಬೇಕಿಲ್ಲ. ಹಾಗಾದರೆ ಈ ನೀರನ್ನು ಶುಚಿಯಾಗಿ ಇಡುವುದು ಯಾರ ಕೆಲಸ? ನಗರಸಭೆಯದ್ದೋ, ಬೆಂಗಳೂರಿನದ್ದೋ, ದೆಹಲಿಯದ್ದೋ, ಕೊಲಂಬೊದ್ದೋ?

ನೀರಿಗೂ ತಿಟ್ಟು ಇದೆ

ಯಕ್ಷಗಾನಕ್ಕೆ ತೆಂಕು, ಬಡಗು ಎಂದು ಎರಡು ತಿಟ್ಟು ಇದ್ದ ಹಾಗೆ ನಮ್ಮ ಕಡಲ ನೀರಿಗೂ ಎರಡು ದಿಕ್ಕು. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ನೀರು ತೆಂಕಿಗೆ ಹರಿಯುತ್ತದೆ. ಗೋವಾ, ಕಾರವಾರ, ಮಲ್ಪೆ, ಮಂಗಳೂರು ದಾಟಿ ಕೇರಳದ ಕಡೆಗೆ. ನವೆಂಬರ್ ಹೊತ್ತಿಗೆ ತಿರುಗಿಬಿಡುತ್ತದೆ. ಆಗ ಬಂಗಾಳ ಕೊಲ್ಲಿಯ ಕಡಿಮೆ ಉಪ್ಪಿನ ನೀರು ಶ್ರೀಲಂಕಾವನ್ನು ಸುತ್ತು ಹಾಕಿ ಅರಬ್ಬಿ ಕಡಲಿಗೆ ಬಂದು, ನಮ್ಮ ದಡದ ಉದ್ದಕ್ಕೂ ಬಡಗಿಗೆ ಹೋಗುತ್ತದೆ. ಗಂಗೆ, ಗೋದಾವರಿ ಸುರಿಯುವ ಕೊಲ್ಲಿಯ ನೀರು ಅದು! ಚಳಿಗಾಲದ ಬೆಳಿಗ್ಗೆ ಮಲ್ಪೆಯಲ್ಲಿ ಕಾಲು ತೊಳೆದರೆ ಯಾವ ಯಾವ ಊರಿನ ನೀರು ತಾಗಿತು ಎಂದು ಲೆಕ್ಕ ಹಾಕುವುದು ಕಷ್ಟ.

ನದಿಯಾದರೆ ಮೇಲಿನ ಊರು, ಕೆಳಗಿನ ಊರು ಎಂದು ಖಾಯಂ ಇರುತ್ತದೆ. ಕಾವೇರಿ ಜಗಳದಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬ ಬಗ್ಗೆ ಜಗಳ ಇಲ್ಲ. ಕಡಲಲ್ಲಿ ಹಾಗಲ್ಲ, ಆರು ತಿಂಗಳಿಗೊಮ್ಮೆ ಮೇಲಿನವರು ಕೆಳಗಾಗುತ್ತಾರೆ.

2025ರಲ್ಲಿ ಇದು ಕಣ್ಣಿಗೆ ಕಾಣುವ ಹಾಗೆ ನಡೆಯಿತು. ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಕೊಚ್ಚಿ ಆಚೆ ಮುಳುಗಿತು. ವಿಳಿಂಜಂನಿಂದ ಕೊಚ್ಚಿಗೆ ಹೊರಟಿದ್ದ, ಲೈಬೀರಿಯಾ ಬಾವುಟದ, ಅಂದರೆ ಆ ದೇಶದಲ್ಲಿ ನೋಂದಾಯಿಸಿದ ಹಡಗು. 24 ಜನ ಬದುಕಿದರು. 640 ಕಂಟೈನರ್, 367 ಟನ್ ಫರ್ನೇಸ್ ಎಣ್ಣೆ, 84 ಟನ್ ಡೀಸೆಲ್ ಹಡಗಿನ ಜೊತೆ ನೀರು ಪಾಲು. ಕೆಲವು ಕಂಟೈನರ್‌ಗಳಲ್ಲಿ ಪ್ಲಾಸ್ಟಿಕ್ ಕಾಳು ಇತ್ತು. ಬಕೆಟ್, ಕೊಡ, ಕವರ್ ಮಾಡುವ ಮೊದಲಿನ ಕಚ್ಚಾ ಮಾಲು ಅದು. ನೋಡಲಿಕ್ಕೆ ಸಾಬಕ್ಕಿಯ ಹಾಗೆ, ಬಿಳಿ, ಹಗುರ.

ಆ ಸಾಬಕ್ಕಿ ಎಲ್ಲಿಗೆ ಹೋಯಿತು? ಮಳೆಗಾಲದ ನೀರು ತೆಂಕಿಗೆ ತಾನೇ. ಕೊಲ್ಲಂ, ತಿರುವನಂತಪುರದ ದಡದಲ್ಲಿ ರಾಶಿ ಬಿತ್ತು. ತಮಿಳುನಾಡಿನ ದಡ ಮುಟ್ಟಿತು. ಜೂನ್‌ನಲ್ಲಿ ಶ್ರೀಲಂಕಾದ ಉತ್ತರದಲ್ಲಿ, ಮನ್ನಾರ್ ಕಡೆ, ಜನ ಬಿಳಿ ಕಾಳು ಹೆಕ್ಕುತ್ತಿದ್ದರು. ಕೊಚ್ಚಿಗೆ ಬಡಗಿನಲ್ಲಿರುವ ನಮಗೆ ಆ ರಾಶಿ ಬರಲಿಲ್ಲ. ಇದೇ ಹಡಗು ಡಿಸೆಂಬರ್‌ನಲ್ಲಿ ಮುಳುಗಿದ್ದರೆ ನೀರು ಹೊರಡುವ ದಿಕ್ಕು ಕಣ್ಣೂರು, ಕಾಸರಗೋಡು, ಉಳ್ಳಾಲ. ಬಚಾವಾಗಿದ್ದು ಕ್ಯಾಲೆಂಡರ್‌ನಿಂದ, ಅಷ್ಟೆ.

ಹದಿನೈದು ದಿನ ಕಳೆದು, ಜೂನ್ 9ರಂದು, ಕಣ್ಣೂರಿನ ಅಳಿಕ್ಕಲ್ ಆಚೆ ವಾನ್ ಹೈ 503 ಹೊತ್ತಿಕೊಂಡಿತು. ಸಿಂಗಾಪುರ ಬಾವುಟ, ಕೊಲಂಬೊದಿಂದ ಮುಂಬಯಿ ಕಡೆಗೆ. 22 ಜನರಲ್ಲಿ ನಾಲ್ವರು ಸಿಗಲಿಲ್ಲ. ಉಳಿದ 18 ಮಂದಿಯನ್ನು ನೌಕಾಪಡೆಯ ಐಎನ್‌ಎಸ್ ಸೂರತ್ ಪಣಂಬೂರಿಗೆ ತಂದಿತು, ಸುಟ್ಟ ಗಾಯದವರಿಗೆ ಮಂಗಳೂರಿನಲ್ಲೇ ಚಿಕಿತ್ಸೆ ಆಯಿತು. ಅಲ್ಲಿಯವರೆಗೆ ಕಡಲ ಮಾಲಿನ್ಯ ಎಂದರೆ ಬೀಚಿನ ಪ್ಲಾಸ್ಟಿಕ್ ಬಾಟಲಿ ಎಂದುಕೊಂಡಿದ್ದವರೂ ಆ ವಾರ ಹಡಗಿನ ದಾರಿ ನೋಡುವ ಆ್ಯಪ್ ಹಾಕಿಕೊಂಡು ಕೂತಿದ್ದರು. ನಾನೂ ಅವರಲ್ಲಿ ಒಬ್ಬ.

ಸೀಸೆಯೊಳಗಿನ ಕಂದು

ಹಡಗು ಸುದ್ದಿಯಾಗುತ್ತದೆ. ದಿನವೂ ಆಗುವುದು ಸುದ್ದಿಯಾಗುವುದಿಲ್ಲ. ಅದನ್ನು ಹಿಡಿಯಲು ನೀರನ್ನು ಅಳೆಯಬೇಕು.

ಅಳೆಯುವುದು ಎಂದರೆ ಹೇಗೆ? ಒಮ್ಮೆ ಮಲ್ಪೆಯಲ್ಲಿ ದೋಣಿಯ ಮೇಲೆ ಇದನ್ನು ಹತ್ತಿರದಿಂದ ನೋಡಿದೆ. ಗಾಜಿನ ಸಣ್ಣ ಸೀಸೆ, ಗಾಜಿನದ್ದೇ ಬಿರಡೆ. ಕಡಲ ನೀರನ್ನು ಅದಕ್ಕೆ ನಿಧಾನಕ್ಕೆ, ತುಂಬಿ ಚೆಲ್ಲುವ ತನಕ ಬಿಡುತ್ತಾರೆ. ಒಂದೇ ಒಂದು ಗಾಳಿಗುಳ್ಳೆ ಸೇರಿದರೂ ಲೆಕ್ಕ ಕೆಟ್ಟಿತು, ಮತ್ತೆ ಮೊದಲಿಂದ. ಅದಕ್ಕೆ ಎರಡು ದ್ರಾವಣ, ಒಂದು ಮ್ಯಾಂಗನೀಸ್‌ನದ್ದು, ಇನ್ನೊಂದು ಕ್ಷಾರ ಬೆರೆಸಿದ ಅಯೋಡೈಡ್. ಬಿರಡೆ ಹಾಕಿ ತಲೆಕೆಳಗು ಮಾಡಿ ಅಲುಗಿಸಿದರೆ ಒಳಗೆ ಮೋಡ ಏಳುತ್ತದೆ. ಮೋಡ ಕಂದು ಬಣ್ಣದ್ದಾದರೆ ನೀರಿನಲ್ಲಿ ಆಮ್ಲಜನಕ ಇದೆ. ಬೆಳ್ಳಗೆ ಉಳಿದರೆ ಇಲ್ಲವೇ ಇಲ್ಲ. ಆಮೇಲೆ ಲ್ಯಾಬ್‌ನಲ್ಲಿ ಆಮ್ಲ ಹಾಕಿ, ಗಂಜಿ ಹಾಕಿ ನೀಲಿ ಮಾಡಿ, ಇನ್ನೊಂದು ದ್ರಾವಣವನ್ನು ಹನಿ ಹನಿಯಾಗಿ ಬಿಡುತ್ತಾರೆ. ನೀಲಿ ಪೂರ್ತಿ ಹೋಗಲು ಎಷ್ಟು ಹನಿ ಬೇಕಾಯಿತು ಎಂಬುದೇ ಉತ್ತರ. ನೂರು ವರ್ಷಕ್ಕಿಂತ ಹಳೆಯ ವಿಧಾನ, ಈಗಲೂ ನಡೆಯುತ್ತದೆ.

ನಮ್ಮ ಬೆಚ್ಚಗಿನ ಉಪ್ಪು ನೀರು ಪೂರ್ತಿ ತುಂಬಿಕೊಂಡರೂ ಲೀಟರಿಗೆ ಸುಮಾರು 6 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ. ಸ್ನಾನಕ್ಕೆ, ನೀರಾಟಕ್ಕೆ, ಮೀನುಗಾರಿಕೆಗೆ ಯೋಗ್ಯ ಎನ್ನಬೇಕಾದರೆ 4 ಇರಬೇಕು ಎನ್ನುತ್ತದೆ ಭಾರತದ ಮಾನದಂಡ. ಕಡಲ ನೀರನ್ನು ಐದು ವರ್ಗ ಮಾಡಿದ್ದಾರೆ, ಇದು ಎಸ್‌ಡಬ್ಲ್ಯು 2 ವರ್ಗ.

ತಮಾಷೆ ಎಂದರೆ, ಆಮ್ಲಜನಕ ಕಡಿಮೆ ಬಂದ ಕೂಡಲೇ ಕೊಳಚೆ ಎಂದು ಹೇಳುವ ಹಾಗಿಲ್ಲ. ಮಳೆಗಾಲದಲ್ಲಿ ನಮ್ಮ ಕಡಲ ತಳದಿಂದ ತಣ್ಣಗಿನ, ಆಮ್ಲಜನಕ ಕಡಿಮೆ ಇರುವ ನೀರು ದಡದ ಹತ್ತಿರಕ್ಕೆ ತಾನಾಗಿಯೇ ಏರಿ ಬರುತ್ತದೆ. ಅದರ ಜೊತೆಯಲ್ಲಿ ಗೊಬ್ಬರದಂಥ ಸತ್ವವೂ ಬರುತ್ತದೆ. ಬೂತಾಯಿ, ಬಂಗುಡೆ ನಮಗೆ ಇಷ್ಟು ಸಿಗುವುದೇ ಆ ಸತ್ವದಿಂದ. ಆದರೆ ಅದರ ಮೇಲೆ ನಾವು ಚರಂಡಿ, ಗದ್ದೆಯ ಯೂರಿಯಾ ಎಲ್ಲ ಸೇರಿಸಿದರೆ ಪಾಚಿ ಅತಿಯಾಗಿ ಬೆಳೆದು, ಸತ್ತು, ಕೊಳೆಯುವಾಗ ಇರುವ ಆಮ್ಲಜನಕವನ್ನೂ ತಿನ್ನುತ್ತದೆ. ಪ್ರಕೃತಿಯ ಪಾಲು ಎಷ್ಟು, ನಮ್ಮ ಪಾಲು ಎಷ್ಟು? ಒಂದು ದಿನದ ಸೀಸೆ ಹೇಳುವುದಿಲ್ಲ. ಒಂದೇ ಜಾಗದಲ್ಲಿ ವರ್ಷಾನುಗಟ್ಟಲೆ ಅಳೆದರೆ ಮಾತ್ರ ಬೇರೆ ಮಾಡಬಹುದು. ಕೇಂದ್ರ ಸರ್ಕಾರ 1990ರ ದಶಕದ ಆರಂಭದಿಂದ ದೇಶದ ಕರಾವಳಿಯಲ್ಲಿ ಇಂಥ ಅಳತೆ ಮಾಡಿಸುತ್ತಿರುವುದು ಅದಕ್ಕೇ.

ಇನ್ನು ಕೊಳಚೆಯ ಲೆಕ್ಕ. ಪಡುಬಿದ್ರಿ ಬೀಚಿಗೆ 2020ರಲ್ಲಿ, ಸ್ವಚ್ಛ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಸಿಕ್ಕಿತಲ್ಲ, ಆ ಬಾವುಟದ ನಿಯಮದಲ್ಲಿ 100 ಮಿಲಿ ಲೀಟರ್ ನೀರಿನಲ್ಲಿ ಮಲದಿಂದ ಬರುವ ಇ. ಕೊಲೈ ಬ್ಯಾಕ್ಟೀರಿಯಾ 250 ದಾಟಬಾರದು. ಭಾರತದ ನಿಯಮ ಎಣಿಸುವುದು ಇ. ಕೊಲೈ ಅಲ್ಲ, ಮಲದ ಕೋಲಿಫಾರ್ಮ್ ಎಂಬ ದೊಡ್ಡ ಗುಂಪನ್ನು, ಅದರ ಮಿತಿ 100. ಇ. ಕೊಲೈ ಆ ಗುಂಪಿನ ಒಳಗಿನ ಒಂದು ಬಗೆ. ಒಬ್ಬ ಬಸ್ಸಿನಲ್ಲಿರುವ ಎಲ್ಲರನ್ನೂ ಎಣಿಸಿದ, ಇನ್ನೊಬ್ಬ ಕಾಲೇಜು ಹುಡುಗರನ್ನು ಮಾತ್ರ ಎಣಿಸಿದ. ಯಾವ ಬಸ್ಸಿನಲ್ಲಿ ಜನ ಜಾಸ್ತಿ ಎಂದು ಕೇಳಿದರೆ ಏನು ಹೇಳುವುದು?

ಒಂದೇ ಬೀಚಿಗೆ ಎರಡು ಅಳತೆ ಇರುವಾಗ ಈ ಕಡಲಿನ ನೆರೆಯ ದೇಶಗಳಿಗೆಲ್ಲ ಸೇರಿ ಎಷ್ಟು ಇರಬಹುದು? ಯಾರು ಯಾವ ಸೇರಿನಲ್ಲಿ ಅಳೆದರು, ಭರತದಲ್ಲಿ ನೀರು ತೆಗೆದರೋ ಇಳಿತದಲ್ಲೋ, ಮಳೆ ಬಂದ ಮರುದಿನವೋ, ಇದೆಲ್ಲ ಹೊಂದದಿದ್ದರೆ ಕೊಲಂಬೊದ ಅಂಕಿ ಪಕ್ಕ ಮಂಗಳೂರಿನ ಅಂಕಿ ಇಟ್ಟು ಏನೂ ಹೇಳಲಾಗದು. ಕೋಡಿಬೆಂಗ್ರೆಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ತೆಗೆದ ನೀರು ಹೆಚ್ಚುಕಮ್ಮಿ ಹೊಳೆಯ ನೀರೇ. ಭರತದಲ್ಲಿ ತೆಗೆದರೆ ಕಡಲಿನದ್ದು. ಹೀಗಾಗಿ ನೆರೆ ದೇಶಗಳು ಒಟ್ಟಿಗೆ ಕೂತು ಮಾಡುವ ಮೊದಲ ಕೆಲಸ ತುಂಬಾ ನೀರಸವಾದದ್ದು. ಒಂದೇ ನೀರನ್ನು ಹಲವು ಲ್ಯಾಬ್‌ಗಳಿಗೆ ಕಳಿಸಿ, ಎಲ್ಲರಿಗೂ ಒಂದೇ ಉತ್ತರ ಬರುತ್ತದೋ ಎಂದು ನೋಡುವುದು. ಇದಾಗದೆ ಮುಂದಿನ ಯಾವ ಮಾತುಕತೆಗೂ ಅರ್ಥ ಇಲ್ಲ.

ಕಣ್ಣಿಗೆ ಸ್ವಚ್ಛ ಕಂಡದ್ದೂ ಮೋಸ ಮಾಡುತ್ತದೆ. 1983ರಲ್ಲಿ ಕುಂಬಳೆ ಅಳಿವೆಯ ಮರುವಾಯಿ ಎಂಬ ಚಿಪ್ಪುಜೀವಿ ತಿಂದ ಹಲವರು ಆಸ್ಪತ್ರೆ ಸೇರಿದರು, ಒಬ್ಬ ಹುಡುಗ ತೀರಿಕೊಂಡ. ಕಾರಣ ಕೊಳಚೆಯಲ್ಲ, ಒಂದು ಬಗೆಯ ಸೂಕ್ಷ್ಮ ಪಾಚಿಯ ವಿಷ. ಮರುವಾಯಿ, ಪಚ್ಚಿಲೆ ನೀರನ್ನು ಸೋಸಿ ತಿನ್ನುವ ಜೀವಿಗಳು. ನೀರಲ್ಲಿದ್ದದ್ದು ಅವುಗಳ ಹೊಟ್ಟೆಯಲ್ಲಿ ಸೇರಿ ಸೇರಿ ಜಾಸ್ತಿಯಾಗುತ್ತದೆ. ಆ ವಿಷ ಬೇಯಿಸಿದರೂ ಹೋಗುವುದಿಲ್ಲ. ಇನ್ನೊಂದು ಸೂಕ್ಷ್ಮಜೀವಿಯನ್ನು ನೀವೂ ನೋಡಿರಬಹುದು. 2020ರ ನವೆಂಬರ್ ಕೊನೆಯಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದು, ಬೀಚಿನಲ್ಲಿ ಮೊಬೈಲ್ ಹಿಡಿದವರ ಜಾತ್ರೆ ಆಗಿತ್ತಲ್ವಾ, ಅದರ ಹೆಸರು ನಾಕ್ಟಿಲ್ಯೂಕಾ. ಚಳಿಗಾಲದಲ್ಲಿ ಒಮಾನ್, ಪಾಕಿಸ್ತಾನದ ಆಚೆ ಕಡಲನ್ನು ಹಸಿರು ಮಾಡುವುದೂ ಇದರ ಜಾತಿಯೇ. ಪಾಸ್‌ಪೋರ್ಟ್ ಬೇಡ ಅದಕ್ಕೆ.

ಹಡಗಿಗೆ ಬಾವುಟ ಇದೆ, ಚರಂಡಿಗೆ ಇಲ್ಲ

ಈಗ ಕಾನೂನು. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ., ದೇಶದ ಸ್ವಂತ ಕಡಲು. 200 ನಾಟಿಕಲ್ ಮೈಲಿಯವರೆಗೆ, ಸುಮಾರು 370 ಕಿ.ಮೀ., ಮೀನು ಮತ್ತು ಎಣ್ಣೆಯ ಮೇಲೆ ಆ ದೇಶದ ಹಕ್ಕು. ಅದರಾಚೆ ಎಲ್ಲರದ್ದೂ. ಇದನ್ನೆಲ್ಲ ಬರೆದದ್ದು 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ. ಭಾರತ 1995ರಲ್ಲಿ ಒಪ್ಪಿಕೊಂಡಿತು. ಮಾಲ್ಡೀವ್ಸ್, ಶ್ರೀಲಂಕಾ ಜೊತೆ ನಮ್ಮ ಕಡಲ ಗಡಿ 1970ರ ದಶಕದಲ್ಲೇ ಇತ್ಯರ್ಥವಾಗಿದೆ. ಪಾಕಿಸ್ತಾನದ ಜೊತೆ ಸರ್ ಕ್ರೀಕ್ ಬಳಿ ಇನ್ನೂ ಆಗಿಲ್ಲ.

ನಿಮ್ಮ ಕಡೆಯಿಂದ ಹೊರಟ ಮಾಲಿನ್ಯ ಪಕ್ಕದ ದೇಶಕ್ಕೆ ಹಾನಿ ಮಾಡದಂತೆ ನೋಡಿಕೊಳ್ಳಿ ಎಂದು ಆ ಒಪ್ಪಂದ ಹೇಳುತ್ತದೆ. ಸರಿ. ಆದರೆ ವಿವರಕ್ಕೆ ಇಳಿದರೆ ಒಂದು ಸ್ವಾರಸ್ಯ ಇದೆ, ಇಡೀ ಕತೆ ನಿಂತಿರುವುದು ಅದರ ಮೇಲೆ. ಹಡಗಿನ ಮಾಲಿನ್ಯದ ಬಗ್ಗೆ ಬರೆಯುವಾಗ, ದೇಶಗಳು ತಮ್ಮ ಹಡಗುಗಳಿಗೆ ಮಾಡುವ ಕಾನೂನು ಅಂತರರಾಷ್ಟ್ರೀಯ ನಿಯಮಕ್ಕಿಂತ ಕಡಿಮೆ ಇರಬಾರದು ಎಂದಿದೆ. ಅದು 211ನೇ ವಿಧಿ. ನೆಲದಿಂದ ಬರುವ ಮಾಲಿನ್ಯದ ಬಗ್ಗೆ ಬರೆಯುವಾಗ, 207ನೇ ವಿಧಿಯಲ್ಲಿ, ಅಂತರರಾಷ್ಟ್ರೀಯ ನಿಯಮಗಳನ್ನು ಗಮನದಲ್ಲಿಟ್ಟುಕೊಂಡು ಕಾನೂನು ಮಾಡಿ ಎಂದಿದೆ. ಒಂದು ಕಡೆ ಕಡಿಮೆ ಇರಬಾರದು, ಇನ್ನೊಂದು ಕಡೆ ಗಮನದಲ್ಲಿಡಿ. ಗಮನದಲ್ಲಿಟ್ಟುಕೊಂಡು ಏನೂ ಮಾಡದವರನ್ನು ನಾವು ಸರ್ಕಾರಿ ಕಚೇರಿಗಳಲ್ಲಿ ನೋಡಿದ್ದೇವೆ.

ಹಡಗಿನ ಕಡೆ ಬಿಗಿ ಹೇಗಿದೆ ನೋಡಿ. ಮಾರ್ಪೋಲ್ ಎಂಬ ಒಪ್ಪಂದದ ಪ್ರಕಾರ ಹಡಗಿನ ಎಂಜಿನ್ ಕೋಣೆಯ ಕೊಳೆ ನೀರನ್ನು ಸೋಸಿ, ಹತ್ತು ಲಕ್ಷ ಪಾಲಿನಲ್ಲಿ ಎಣ್ಣೆ 15 ಪಾಲಿಗಿಂತ ಕಡಿಮೆಯಾದ ಮೇಲೆಯೇ ಹೊರಗೆ ಬಿಡಬೇಕು. ಟ್ಯಾಂಕರ್ ತೊಟ್ಟಿ ತೊಳೆದ ನೀರಾದರೆ ದಡದಿಂದ 50 ನಾಟಿಕಲ್ ಮೈಲಿ ಆಚೆ, ಓಡುತ್ತಿರುವಾಗ, ಮೈಲಿಗೆ 30 ಲೀಟರಿಗಿಂತ ಹೆಚ್ಚು ಎಣ್ಣೆ ಬೀಳದ ಹಾಗೆ. ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆಯಬೇಕು. ಪಣಂಬೂರಿಗೆ ಹಡಗು ಬಂದರೆ ಅಧಿಕಾರಿಗಳು ಹತ್ತಿ ಆ ಪುಸ್ತಕ ತೆರೆಸಬಹುದು, ಲೆಕ್ಕ ಹೊಂದದಿದ್ದರೆ ಹಡಗನ್ನು ತಡೆದಿಡಬಹುದು. ಬಾವುಟ ಯಾವ ದೇಶದ್ದಾದರೂ ಸರಿ. ಇಲ್ಲಿ ತಪಾಸಣೆ ಆದದ್ದು ಕೊಲಂಬೊದವರಿಗೂ ಗೊತ್ತಾಗಬೇಕಲ್ಲ, ಅದಕ್ಕಾಗಿ ಭಾರತ, ಶ್ರೀಲಂಕಾ, ಮಾಲ್ಡೀವ್ಸ್, ಆಸ್ಟ್ರೇಲಿಯಾ ಮುಂತಾದ ದೇಶಗಳ ನಡುವೆ 1998ರಲ್ಲಿ ಒಂದು ಒಡಂಬಡಿಕೆ ಆಯಿತು. ಅದರ ಕಚೇರಿ ಇರುವುದು ಭಾರತದಲ್ಲೇ.

ಇಷ್ಟಿದ್ದೂ ಟಾರ್ ಬಾಲ್ ಬರುತ್ತದೆ. ರಾತ್ರಿ ಹೊತ್ತು, ಗದ್ದಲದ ಕಡಲಲ್ಲಿ, ಪುಸ್ತಕದಲ್ಲಿ ಬರೆಯದೆ ಚೆಲ್ಲುವವರನ್ನು ಹಿಡಿಯುವುದು ಸುಲಭವಲ್ಲ. ಉಪಗ್ರಹದ ರೇಡಾರ್ ಸ್ವಲ್ಪ ಸಹಾಯ ಮಾಡುತ್ತದೆ. ಎಣ್ಣೆ ಹರಡಿದ ಕಡೆ ನೀರಿನ ಸಣ್ಣ ಅಲೆ ಅಡಗುತ್ತದೆ, ಚಿತ್ರದಲ್ಲಿ ಕಪ್ಪು ಪಟ್ಟಿಯಾಗಿ ಕಾಣುತ್ತದೆ. ಆ ಪಟ್ಟಿಯ ತುದಿಯಲ್ಲಿ ಯಾವ ಹಡಗಿತ್ತು ಎಂದು ನೋಡಬೇಕು.

ನಿಯಮ ಇದ್ದೂ ನೆರೆಹೊರೆ ಕೈಕೊಟ್ಟದ್ದಕ್ಕೆ ಎಕ್ಸ್‌ಪ್ರೆಸ್ ಪರ್ಲ್ ಕತೆ ಸಾಕು. 2021ರ ಮೇನಲ್ಲಿ ಆ ಹಡಗಿನ ಒಂದು ಕಂಟೈನರ್‌ನಿಂದ ನೈಟ್ರಿಕ್ ಆಮ್ಲ ಸೋರುತ್ತಿತ್ತು. ಇಳಿಸಿಕೊಳ್ಳಿ ಎಂದು ಕತಾರಿನ ಹಮದ್ ಬಂದರಿನಲ್ಲಿ ಕೇಳಿದರು, ಆಗಲಿಲ್ಲ. ಗುಜರಾತಿನ ಹಜೀರಾದಲ್ಲಿ ಕೇಳಿದರು, ಅಲ್ಲೂ ಆಗಲಿಲ್ಲ. ಅಂಗಳ ಗುಡಿಸಿ ಕಸವನ್ನು ಪಕ್ಕದವರ ಬೇಲಿಯ ಆಚೆ ತಳ್ಳಿದ ಹಾಗೆ. ಹಡಗು ಕೊಲಂಬೊ ಎದುರು ಬಂದು ನಿಂತಿತು, ಮೇ 20ರಂದು ಬೆಂಕಿ ಹಿಡಿಯಿತು, ಜೂನ್ 2ರಂದು ಮುಳುಗಲು ಶುರುವಾಯಿತು. ಸುಮಾರು 1,680 ಟನ್ ಪ್ಲಾಸ್ಟಿಕ್ ಕಾಳು ಕಡಲಿಗೆ. ಆಮೆಗಳು, ಡಾಲ್ಫಿನ್‌ಗಳು ಸತ್ತು ದಡಕ್ಕೆ ಬಂದವು, ಮೀನುಗಾರರು ತಿಂಗಳುಗಟ್ಟಲೆ ದೋಣಿ ಇಳಿಸಲಿಲ್ಲ. 2025ರ ಜುಲೈನಲ್ಲಿ ಶ್ರೀಲಂಕಾದ ಸುಪ್ರೀಂ ಕೋರ್ಟ್ ಹಡಗಿನ ಕಡೆಯವರು 100 ಕೋಟಿ ಡಾಲರ್ ಕೊಡಬೇಕು ಎಂದಿತು. ಎಲ್ಸಾ 3ರ ವಿಷಯದಲ್ಲಿ ಕೇರಳ ಸರ್ಕಾರ ಹೈಕೋರ್ಟಿನಲ್ಲಿ ಕೇಳಿರುವುದು ₹9,531 ಕೋಟಿ. ಹಡಗಿಗೆ ಮಾಲೀಕ, ಬಾವುಟ, ವಿಮೆ ಎಲ್ಲ ಇರುತ್ತದೆ. ಕೋರ್ಟಿಗೆ ಎಳೆಯಲು ಒಂದು ಹೆಸರಾದರೂ ಸಿಗುತ್ತದೆ.

ಚರಂಡಿಯಲ್ಲಿ ಹೆಸರು ಸಿಗುವುದಿಲ್ಲ. ಕಡಲು ಸೇರುವ ಕೊಳೆಯಲ್ಲಿ ಹೆಚ್ಚಿನ ಪಾಲು ನೆಲದ್ದೇ: ಮನೆಗಳ ಕೊಳಚೆ, ಗದ್ದೆಯ ಗೊಬ್ಬರ, ಕಾರ್ಖಾನೆ ನೀರು, ಪ್ಲಾಸ್ಟಿಕ್. ವರ್ಷಕ್ಕೆ 4,000 ಮಿ.ಮೀ. ಹತ್ತಿರ ಮಳೆ ಸುರಿಯುವ ಊರು ನಮ್ಮದು. ಎಂಟು ತಿಂಗಳು ಚರಂಡಿ, ತೋಡುಗಳಲ್ಲಿ ಕೂಡಿಟ್ಟದ್ದನ್ನು ಜೂನ್‌ನ ಮೊದಲ ದೊಡ್ಡ ಮಳೆ ಒಂದೇ ದಿನದಲ್ಲಿ ಅಳಿವೆಗೆ ತಲುಪಿಸುತ್ತದೆ. ನೇತ್ರಾವತಿ, ಫಲ್ಗುಣಿ, ಸ್ವರ್ಣಾ, ಸೀತಾ, ಎಲ್ಲ ಹೊಳೆಯೂ ಅಷ್ಟೇ. ಆಗ ಕಡಲ ನೀರು ಯಾವ ಕಡೆಗೆ ಹೋಗುತ್ತಿರುತ್ತದೆ? ತೆಂಕಿಗೆ. ನಮ್ಮ ಮಳೆಗಾಲದ ಕೊಳೆಗೆ ಮೊದಲ ನೆರೆಯವರು ಕಾಸರಗೋಡಿನವರು.

ರಷ್ಯಾದ ಕೊಳಚೆಗೆ ಫಿನ್ಲೆಂಡಿನ ದುಡ್ಡು

ನೆಲದ ಮಾಲಿನ್ಯವನ್ನು ನೆರೆ ದೇಶಗಳು ಒಟ್ಟಾಗಿ ಹಿಡಿದ ಉದಾಹರಣೆ ಎಲ್ಲಾದರೂ ಇದೆಯಾ? ಇದೆ, ಬಾಲ್ಟಿಕ್ ಕಡಲು. ಹೆಚ್ಚುಕಮ್ಮಿ ಮುಚ್ಚಿದ ಕೆರೆಯಂಥ ಕಡಲು ಅದು, ಒಳಗಿನ ನೀರು ಪೂರ್ತಿ ಬದಲಾಗಲು ಸುಮಾರು 30 ವರ್ಷ ಬೇಕು. ಯಾರೇ ಹಾಕಿದರೂ ಎಲ್ಲರ ಮನೆ ಮುಂದೆಯೇ ಇರುತ್ತದೆ. 1974ರಲ್ಲಿ, ಶೀತಲ ಸಮರ ಜೋರಾಗಿದ್ದಾಗ, ಎರಡೂ ಜರ್ಮನಿ, ಸೋವಿಯತ್ ಒಕ್ಕೂಟ, ಸ್ವೀಡನ್, ಫಿನ್ಲೆಂಡ್, ಪೋಲೆಂಡ್, ಡೆನ್ಮಾರ್ಕ್ ಹೆಲ್ಸಿಂಕಿಯಲ್ಲಿ ಒಂದೇ ಕಾಗದಕ್ಕೆ ಸಹಿ ಹಾಕಿದವು. 1992ರಲ್ಲಿ ಅತಿ ಕೊಳಕು ಜಾಗಗಳ ಪಟ್ಟಿ ಮಾಡಿದರು, ನೂರಕ್ಕೂ ಹೆಚ್ಚು. ಯಾವ ನಗರ, ಯಾವ ಕಾರ್ಖಾನೆ ಎಂದು ಹೆಸರು ಹಿಡಿದು.

ಸೇಂಟ್ ಪೀಟರ್ಸ್‌ಬರ್ಗ್‌ನ ಕೊಳಚೆ ಆ ಪಟ್ಟಿಯಲ್ಲಿ ದೊಡ್ಡದು. ರಷ್ಯಾದ ಬಳಿ ದುಡ್ಡಿರಲಿಲ್ಲ. ಫಿನ್ಲೆಂಡ್, ಸ್ವೀಡನ್‌ನವರು ಲೆಕ್ಕ ಹಾಕಿದರು. ಆಗಲೇ ಶುದ್ಧವಾಗಿದ್ದ ತಮ್ಮ ಕೊಳಚೆಯನ್ನು ಇನ್ನಷ್ಟು ಶುದ್ಧ ಮಾಡುವ ಖರ್ಚಿನಲ್ಲಿ ಪಕ್ಕದವರ ಕೊಳಚೆಯನ್ನು ಎಷ್ಟೋ ಪಟ್ಟು ಹೆಚ್ಚು ಹಿಡಿಯಬಹುದಿತ್ತು. ಕೈಯಿಂದ ದುಡ್ಡು ಹಾಕಿ, ಸಾಲ ಕೊಡಿಸಿ, 2005ರಲ್ಲಿ ನಗರದ ನೈಋತ್ಯದಲ್ಲಿ ದೊಡ್ಡ ಶುದ್ಧೀಕರಣ ಘಟಕ ಶುರುವಾಯಿತು. ದಾನ ಧರ್ಮ ಅಂತ ಮಾಡಿದ್ದಲ್ಲ, ತಮ್ಮ ಬೀಚಿನಲ್ಲಿ ಪಾಚಿ ಕಡಿಮೆ ಆಗಲಿ ಎಂದು ಮಾಡಿದ್ದು. ಹಾಗಂತ ಬಾಲ್ಟಿಕ್ ಈಗ ಪನ್ನೀರಾಗಿದೆ ಎಂದುಕೊಳ್ಳಬೇಡಿ. ತಳದಲ್ಲಿ ದಶಕಗಳ ಗೊಬ್ಬರ ಕೂತಿದೆ, ಅದು ಈಗಲೂ ಪಾಚಿ ಬೆಳೆಸುತ್ತದೆ. 2022ರ ಯುದ್ಧದ ನಂತರ ರಷ್ಯಾ ಜೊತೆ ಸಭೆಗಳೂ ನಿಂತಿವೆ.

ನಮ್ಮ ಕಡೆ? ಭಾರತ, ಪಾಕಿಸ್ತಾನ, ಶ್ರೀಲಂಕಾ, ಬಾಂಗ್ಲಾದೇಶ, ಮಾಲ್ಡೀವ್ಸ್ ಸೇರಿ 1995ರಲ್ಲಿ ದೆಹಲಿಯಲ್ಲಿ ದಕ್ಷಿಣ ಏಷ್ಯಾ ಕಡಲುಗಳ ಕ್ರಿಯಾ ಯೋಜನೆ ಒಪ್ಪಿಕೊಂಡವು. ನೋಡಿಕೊಳ್ಳುವ ಸಂಸ್ಥೆ ಸಾಸೆಪ್, ಕೊಲಂಬೊದಲ್ಲಿದೆ. ಆದರೆ ಇದು ಯೋಜನೆ, ಬಾಲ್ಟಿಕ್‌ನ ಹಾಗೆ ಕಟ್ಟುಪಾಡಿನ ಒಪ್ಪಂದ ಅಲ್ಲ. ಮಾಡದಿದ್ದರೆ ಕೇಳುವವರಿಲ್ಲ. ಅರಬ್ಬಿ ಕಡಲಿನ ಆಚೆ ದಡದಲ್ಲಿ ಒಮಾನ್, ಇರಾನ್ ಮುಂತಾದ ಎಂಟು ದೇಶಗಳಿಗೆ 1978ರ ಕುವೈತ್ ಒಪ್ಪಂದ ಬೇರೆಯೇ ಇದೆ. ಒಂದೇ ಕಡಲಿನ ಎರಡು ದಡದಲ್ಲಿ ಎರಡು ಪಂಚಾಯಿತಿ. ಪ್ಲಾಸ್ಟಿಕ್ ಬಗ್ಗೆ ಇಡೀ ಪ್ರಪಂಚಕ್ಕೆ ಒಂದು ಒಪ್ಪಂದ ಬರುತ್ತದೆ ಎಂದು ಕಾಯುತ್ತಿದ್ದೆವು. 2025ರ ಆಗಸ್ಟ್‌ನಲ್ಲಿ ಜಿನೀವಾದ ಮಾತುಕತೆಯೂ ಒಪ್ಪಂದವಿಲ್ಲದೆ ಮುಗಿಯಿತು.

ಎಣ್ಣೆ ಚೆಲ್ಲಿದಾಗ ಮಾತ್ರ ನಮ್ಮವರು ಚುರುಕು. ಭಾರತದಲ್ಲಿ ಅದರ ಹೊಣೆ ಕೋಸ್ಟ್ ಗಾರ್ಡ್‌ನದ್ದು, 1996ರ ರಾಷ್ಟ್ರೀಯ ಯೋಜನೆಯ ಪ್ರಕಾರ. ಕರ್ನಾಟಕದ ಮುಖ್ಯ ಕಚೇರಿ ಪಣಂಬೂರಿನಲ್ಲಿದೆ. 2022ರ ಜೂನ್‌ನಲ್ಲಿ ಉಳ್ಳಾಲದ ಎದುರು ಪ್ರಿನ್ಸೆಸ್ ಮಿರಾಲ್ ಮುಳುಗುವಾಗ 15 ಸಿರಿಯನ್ ನಾವಿಕರನ್ನು ಎತ್ತಿ ತಂದದ್ದು ಇವರೇ. 2018ರಲ್ಲಿ ಸಾಸೆಪ್ ಜೊತೆ ಭಾರತ ಒಂದು ಒಡಂಬಡಿಕೆಗೂ ಒಪ್ಪಿತು, ನೆರೆ ದೇಶದಲ್ಲಿ ಎಣ್ಣೆ, ರಾಸಾಯನಿಕ ಚೆಲ್ಲಿದರೆ ಪರಸ್ಪರ ಸಹಾಯಕ್ಕೆ. ಕಾಗದದಲ್ಲಷ್ಟೇ ಉಳಿಯಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ನ್ಯೂ ಡೈಮಂಡ್ ಎಂಬ ಟ್ಯಾಂಕರ್ 2.7 ಲಕ್ಷ ಟನ್ ಕಚ್ಚಾ ಎಣ್ಣೆ ಹೊತ್ತು ಶ್ರೀಲಂಕಾದ ಪೂರ್ವಕ್ಕೆ ಹೊತ್ತಿಕೊಂಡಾಗ ಭಾರತದ ಹಡಗುಗಳು ಹೋಗಿ, ಶ್ರೀಲಂಕಾದವರ ಜೊತೆ ಸೇರಿ ಬೆಂಕಿ ಆರಿಸಿದವು. ಹೊತ್ತಿದ್ದ ಸರಕು ಚೆಲ್ಲಲಿಲ್ಲ. ಚೆಲ್ಲದ ಎಣ್ಣೆ ಸುದ್ದಿಯಾಗುವುದಿಲ್ಲವಾದ್ದರಿಂದ ಈ ಹೆಸರು ಹೆಚ್ಚಿನವರಿಗೆ ನೆನಪಿಲ್ಲ.

ಆದರೆ ಬೆಂಕಿ ಆರಿಸುವುದರಲ್ಲಿ ನೆರೆಹೊರೆ ಒಂದಾಗುವಷ್ಟು ಸುಲಭವಾಗಿ ಕೊಳಚೆ ಸೋಸುವುದರಲ್ಲಿ ಒಂದಾಗುವುದಿಲ್ಲ. ಬೆಂಕಿ ಕಾಣುತ್ತದೆ, ಒಂದು ವಾರದಲ್ಲಿ ಮುಗಿಯುತ್ತದೆ, ಚಪ್ಪಾಳೆ ಸಿಗುತ್ತದೆ. ಕೊಳಚೆ ಕೆಲಸ ಶುರುವಾಗುವುದು ಒಳಚರಂಡಿ ಪೈಪಿನಿಂದ, ಮುಗಿಯುವ ತಾರೀಕು ಇಲ್ಲ. ನನ್ನ ಕೇಳಿದರೆ, ಐದು ದೇಶಗಳು ಮಾಡಬೇಕಾದ ಅತಿ ಅಗ್ಗದ ಕೆಲಸ ಆ ಸೀಸೆಯದ್ದು. ಒಂದೇ ವಿಧಾನ, ಒಂದೇ ತಿಂಗಳು, ಅಂಕಿ ಎಲ್ಲರಿಗೂ ತೆರೆದಿರಬೇಕು. ಯಾರನ್ನೂ ದೂರುವ ಮೊದಲು ಅಷ್ಟಾದರೂ ಬೇಕು.

ದೂರುವ ಮಾತು ಬಂತಲ್ಲ, ನಮ್ಮ ಕಡೆಯದ್ದೂ ಒಂದು ಹೇಳಿಬಿಡುತ್ತೇನೆ. ಮಾಲ್ಡೀವ್ಸ್‌ನವರು ಟ್ಯೂನಾ ಹಿಡಿಯುವುದು ಹೆಚ್ಚಾಗಿ ಗಾಳ, ಕೋಲಿನಲ್ಲಿ. ಆದರೂ ಅವರ ಹವಳದ ದಂಡೆಗೆ ತುಂಡು ಬಲೆಗಳು ತೇಲಿ ಬರುತ್ತವೆ, ಒಳಗೆ ಸಿಕ್ಕಿಬಿದ್ದ ಕಡಲಾಮೆಗಳ ಸಮೇತ. 2013ರಲ್ಲಿ ಅಲ್ಲಿ ಆಲಿವ್ ರಿಡ್ಲಿ ಪ್ರಾಜೆಕ್ಟ್ ಎಂಬ ಸಂಸ್ಥೆ ಹುಟ್ಟಿದ್ದೇ ಇದಕ್ಕೆ. ಬಲೆಗಳು ಸುತ್ತಲಿನ ಬೇರೆ ದೇಶಗಳವು. ಯಾವ ದೇಶದ್ದು ಎಂದು ಕಂಡುಹಿಡಿಯಲು ಬಲೆಯ ಕಣ್ಣಿನ ಅಳತೆ, ದಾರದ ದಪ್ಪ, ಬಣ್ಣ ಎಲ್ಲ ಬರೆದಿಡುತ್ತಾರೆ.

ಹೋದ ವರ್ಷ ಮೀನುಗಾರಿಕೆ ರಜೆಯ ಸಮಯ, ಜುಲೈನಲ್ಲಿ, ಮಲ್ಪೆ ಬಂದರಿನಲ್ಲಿ ಬಲೆ ನೇಯುತ್ತಾ ಕೂತಿದ್ದ ಹಿರಿಯರೊಬ್ಬರಿಗೆ ಅಂಥದ್ದೊಂದು ಬಲೆಯ ಫೋಟೋ ಮೊಬೈಲಿನಲ್ಲಿ ತೋರಿಸಿದೆ. ಹಸಿರು ಬಲೆ, ಆಮೆಯ ಕುತ್ತಿಗೆಗೆ ಸುತ್ತಿಕೊಂಡಿತ್ತು. ಅವರು ಕನ್ನಡಕ ಹಾಕಿಕೊಂಡು, ಎರಡು ಬೆರಳಲ್ಲಿ ಚಿತ್ರ ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿದರು.

"ಬಲೆ ಎಲ್ಲ ಫ್ಯಾಕ್ಟರಿಯದ್ದೇ ಈಗ. ಇದು ನೋಡಿ ಊರು ಹೇಳ್ಲಿಕ್ಕೆ ಆಗುದಿಲ್ಲ ಮಾರ್ರೆ" ಎಂದರು. ಮತ್ತೆ ಸ್ವಲ್ಪ ನೋಡಿ, "ಹರಿದದ್ದು ಕೈಯಲ್ಲಿ ಕಟ್ಟಿದ ಜಾಗ ಇದ್ರೆ ತೋರಿಸಿ. ಗಂಟು ನಮ್ಮವರದ್ದಾ ಅಲ್ವಾ ಅಂತ ಅದ್ರಲ್ಲಿ ಗೊತ್ತಾಗ್ತದೆ."

ಕೈಯಲ್ಲಿ ಕಟ್ಟಿದ ಜಾಗ ಆ ಫೋಟೋದಲ್ಲಿ ಇರಲಿಲ್ಲ. ಆಮೆಯ ಬೆನ್ನ ಕೆಳಗೆ ಇತ್ತೋ ಏನೋ.